‘ಲಕ್ಷ್ಯ ಇಲ್ಲ’ ಎಂಬ ಷರಾ: ಶಾಲಾ ಶಿಕ್ಷಣಾಧಿಕಾರಿಗಳಿಗೆ ಹುಬ್ಬಳ್ಳಿಯ ತಾಯಿಯೊಬ್ಬಳ ಬಹಿರಂಗ ಪತ್ರ

ಗೆ,
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಧಾರವಾಡ,
ಹಾಗೂ ಜಿಲ್ಲೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮತ್ತು ಎಲ್ಲ ಪ್ರಾಥಮಿಕ ಶಾಲೆಗಳ ಮುಖ್ಯಾಧ್ಯಾಪಕರು.

ವಿಷಯ: ಓದು, ಬರಹ ಮತ್ತು ಲಕ್ಷ್ಯದ ತೊಂದರೆಯಿರುವ ಮಕ್ಕಳನ್ನು ಮೂರನೆಯ ಇಯತ್ತೆಯೊಳಗೆ ಗುರುತಿಸುವ ಕುರಿತು.

ಮಾನ್ಯರೇ,

ಈ ಪತ್ರ ಬರೆಯುವಾಗ ನನ್ನ ಮುಂದೆ ನಾಲ್ಕು ಶಾಲಾ ಡೈರಿಗಳಿವೆ. ನನ್ನ ಮಗನ ಎರಡನೆಯ ಇಯತ್ತೆಯಿಂದ ಐದನೆಯ ಇಯತ್ತೆಯವರೆಗಿನ ಡೈರಿಗಳು ಇವು. ರಟ್ಟು ಹರಿದಿವೆ, ಒಂದರ ಮೇಲೆ ಚಹಾ ಚೆಲ್ಲಿದ ಕಲೆಯಿದೆ, ಆದರೆ ಒಳಗಿನ ಬರವಣಿಗೆ ಸ್ಪಷ್ಟವಾಗಿದೆ. ಕಳೆದ ತಿಂಗಳ ಒಂದು ರವಿವಾರ ಕುಳಿತು ಅವುಗಳ ಷರಾ ಪುಟಗಳನ್ನು ಒಂದೊಂದಾಗಿ ಓದಿ ಲೆಕ್ಕ ಹಾಕಿದೆ. ‘ಲಕ್ಷ್ಯ ಇಲ್ಲ’ ಎಂಬ ಮಾತು 63 ಸಲ ಬಂದಿದೆ. ‘ಬರವಣಿಗೆ ಅಪೂರ್ಣ’ 48 ಸಲ. ‘ಶುದ್ಧಬರಹ ಸುಧಾರಿಸಬೇಕು’ 29 ಸಲ. ಪೆನ್ಸಿಲು, ಕಂಪಾಸು, ಊಟದ ಡಬ್ಬಿ, ಒಂದು ಸಲ ಎಡಗಾಲಿನ ಬೂಟು ಕಳೆದುಕೊಂಡ ದೂರುಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಪ್ರತಿಯೊಂದು ಷರಾದ ಕೆಳಗೆ ‘ಪಾಲಕರ ಸಹಿ’ ಎಂಬಲ್ಲಿ ನನ್ನ ಸಹಿ ಇದೆ.

ನಾನು ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಕನ್ನಡ ವಿಷಯದಲ್ಲಿ ಬಿ.ಎ. ಓದಿದ್ದೇನೆ. ಮಗ ಈಗ ಆರನೆಯ ಇಯತ್ತೆಯಲ್ಲಿದ್ದಾನೆ, ಕನ್ನಡ ಮಾಧ್ಯಮ. ಅವನಿಗೆ ಓದು ಮತ್ತು ಬರವಣಿಗೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾ ಇದೆ. ಅದರ ಜೊತೆಗೆ ಎಡಿಎಚ್‌ಡಿ ಎಂದು ವೈದ್ಯರು ಕರೆಯುವ ಲಕ್ಷ್ಯದ ಕೊರತೆಯೂ ಇದೆ. ಇದು ನಮಗೆ ತಿಳಿದದ್ದು ಅವನು ಐದನೆಯ ಇಯತ್ತೆಯಲ್ಲಿದ್ದಾಗ, ಹತ್ತು ವರ್ಷ ತುಂಬಿದ ಮೇಲೆ. ಶಾಲೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇಂಥದೇ ಡೈರಿಗಳು ಈ ಜಿಲ್ಲೆಯ ಎಷ್ಟೋ ಮನೆಗಳಲ್ಲಿವೆ ಎಂದು ನನಗೆ ಖಾತ್ರಿಯಿರುವುದರಿಂದ, ಒಂದು ಶಾಲೆಯನ್ನು ಕಟಕಟೆಯಲ್ಲಿ ನಿಲ್ಲಿಸಿದರೆ ಉಳಿದ ಮಕ್ಕಳಿಗೆ ಏನೂ ಸಿಗುವುದಿಲ್ಲ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. 2020ರ ಜೂನ್‌ನಲ್ಲಿ ಅವನು ಒಂದನೆಯ ಇಯತ್ತೆಗೆ ಸೇರಬೇಕಿತ್ತು. ಸೇರಿದ್ದು ಹೆಸರಿಗೆ ಮಾತ್ರ, ಆ ವರ್ಷ ಶಾಲೆಯ ಬಾಗಿಲೇ ತೆರೆಯಲಿಲ್ಲ. ಮುಂದೆ ಶಾಲೆ ಶುರುವಾಗಿ ಎರಡನೆಯ ಇಯತ್ತೆಯಲ್ಲಿ ಅವನಿಗೆ ಕಾಗುಣಿತ ಬರುತ್ತಿಲ್ಲ ಎಂದಾಗ ಎಲ್ಲರೂ ‘ಕೊರೊನಾ ಬ್ಯಾಚ್ ರೀ, ಎಲ್ಲಾ ಹುಡುಗರದೂ ಹಿಂಗ ಆಗೇದ’ ಎಂದರು. ನಾನೂ ನಂಬಿದೆ. ಮೂರನೆಯ ಇಯತ್ತೆಯಲ್ಲಿ ಉಳಿದ ಮಕ್ಕಳು ಪಾಠ ಓದಲಾರಂಭಿಸಿದರು. ಇವನು ಒಂದು ಸಾಲು ಓದುವುದರೊಳಗೆ ಬೆವರುತ್ತಿದ್ದ. ಆಗಲೂ ಕಾರಣಕ್ಕೆ ಕೊರೊನಾ ಇತ್ತು, ಮೊಬೈಲ್ ಇತ್ತು, ನಮ್ಮ ಮುದ್ದು ಇತ್ತು. ಒಂದು ಸರ್ವವ್ಯಾಪಿ ಕಾರಣ ಕೈಯಲ್ಲಿದ್ದರೆ, ಒಂದು ಮಗುವಿನದೇ ಆದ ಕಾರಣವನ್ನು ಯಾರೂ ಹುಡುಕುವುದಿಲ್ಲ ಎಂಬುದನ್ನು ನಾನು ಬಹಳ ತಡವಾಗಿ ಅರಿತೆ.

ಆ ದಿನಗಳಲ್ಲಿ ನಾವು ಮಾಡದ ಉಪಾಯವಿಲ್ಲ. ನನ್ನ ಅತ್ತೆಯವರು ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸಿದರು. ಸಿದ್ಧಾರೂಢ ಮಠಕ್ಕೆ ಹರಕೆ ಹೊತ್ತೆವು. ಕಣ್ಣು ತೋರಿಸಿದೆವು, ಕಿವಿ ತೋರಿಸಿದೆವು, ಎರಡೂ ಸರಿಯಿದ್ದವು; ಹಾಗೆ ಮೊದಲು ಕಣ್ಣು, ಕಿವಿ ನೋಡಿಸಿದ್ದು ಸರಿಯಾದ ಕ್ರಮವೇ ಆಗಿತ್ತು ಎಂದು ವೈದ್ಯರು ಆಮೇಲೆ ಹೇಳಿದರು. ‘ನೆನಪಿನ ಶಕ್ತಿ ಹೆಚ್ಚಿಸುವ’ ತರಗತಿಯೊಂದಕ್ಕೆ ನನ್ನ ಎರಡು ತಿಂಗಳ ಸಂಬಳ ಕಟ್ಟಿದೆವು. ಅಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಬಣ್ಣ ಗುರುತಿಸಲು ಹೇಳಿಕೊಟ್ಟರು. ಸಂಜೆ ಒಂದೂವರೆ ತಾಸು ಟ್ಯೂಶನ್ ಹಾಕಿದೆವು. ಇವೆಲ್ಲದರ ನಡುವೆ, ಹೇಳಲು ಬಾಯಿ ಬರುವುದಿಲ್ಲ, ನಾನು ಅವನನ್ನು ಹೊಡೆದೆ. ಅವನದೇ ಅಳತೆಪಟ್ಟಿಯಿಂದ, ಅದೇ ಹತ್ತು ಶಬ್ದಗಳನ್ನು ಅವನು ಹನ್ನೊಂದನೆಯ ಸಲ ತಪ್ಪಾಗಿ ಬರೆದಾಗ. ಡೈರಿಯಲ್ಲಿ ‘ಮನೆಯಲ್ಲಿ ಅಭ್ಯಾಸ ಮಾಡಿಸಿ’ ಎಂದು ಬರೆದಿತ್ತು, ನಾನು ಅಭ್ಯಾಸ ಮಾಡಿಸುತ್ತಿದ್ದೆ.

ಅವನ ತಪ್ಪುಗಳು ಎಂಥವಾಗಿದ್ದವು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಶಿಕ್ಷಕರು ಈ ಪತ್ರ ಓದಿದರೆ ತಮ್ಮ ತರಗತಿಯ ಯಾವುದೋ ಮಗು ಅವರ ನೆನಪಿಗೆ ಬರಬಹುದು. ‘ಹಣ್ಣು’ ಎಂಬುದನ್ನು ಅವನು ‘ಹಣು’ ಎಂದು ಬರೆಯುತ್ತಿದ್ದ, ‘ಅಕ್ಕ’ ‘ಅಕ’ ಆಗುತ್ತಿತ್ತು, ‘ಶಾಲೆ’ ‘ಶಲೆ’ ಆಗುತ್ತಿತ್ತು. ಒತ್ತಕ್ಷರ ಉದುರುತ್ತಿತ್ತು, ದೀರ್ಘ ಹಾರುತ್ತಿತ್ತು. ‘ಸೂರ್ಯ’ದ ಅರ್ಕಾವತ್ತು ಎಲ್ಲಿ ಕೂಡಬೇಕೆಂದು ತಿಳಿಯದೆ ಪೆನ್ಸಿಲು ಹಿಡಿದು ಗಾಳಿಯಲ್ಲಿ ನಿಲ್ಲಿಸುತ್ತಿದ್ದ, ಕಿವಿಗೆ ಮೊದಲು ಕೇಳಿಸುವ ‘ರ’ಕಾರವನ್ನು ಬರಹದಲ್ಲಿ ಆಮೇಲೆ ಇಡಬೇಕೆಂಬುದು ಅವನಿಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ. ಮ ಮತ್ತು ವ, ಪ ಮತ್ತು ಷ, ಬ ಮತ್ತು ಭ ಒಂದರ ಜಾಗದಲ್ಲಿ ಒಂದು ಬರುತ್ತಿದ್ದವು. ಇಂದು ಸರಿಯಾಗಿ ಬರೆದ ಶಬ್ದವನ್ನು ನಾಳೆ ಬೇರೆ ರೀತಿ ತಪ್ಪು ಬರೆಯುತ್ತಿದ್ದ. ‘ನಿನ್ನೆ ಬಂದಿತ್ತಲ್ಲ, ಇವತ್ತ ಯಾಕ ಬರವಲ್ದು’ ಎಂಬ ಪ್ರಶ್ನೆಯೇ ನನ್ನ ಸಿಟ್ಟಿನ ಮೂಲವಾಗಿತ್ತು. ನಾನು ಒಂದು ಸಲ ಇದು ಡಿಸ್ಲೆಕ್ಸಿಯಾ ಇರಬಹುದೇ ಎಂದು ಕೇಳಿದಾಗ, ಇಂಗ್ಲಿಷಿನ ಬಿ ಮತ್ತು ಡಿ ಅಕ್ಷರಗಳನ್ನು ಅವನು ತಿರುಗಿಸಿ ಬರೆಯುವುದಿಲ್ಲ, ಆದ್ದರಿಂದ ಅದು ಇರಲಿಕ್ಕಿಲ್ಲ ಎಂದು ಶಾಲೆಯಲ್ಲಿ ಹೇಳಿದರು. ಕನ್ನಡದ ಮಗುವಿನ ತೊಂದರೆ ಕನ್ನಡ ಲಿಪಿಯ ಕಗ್ಗಂಟುಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ, ಇಂಗ್ಲಿಷ್ ಪಟ್ಟಿ ಹಿಡಿದು ಹುಡುಕಿದರೆ ಸಿಗುವುದಿಲ್ಲ. ಉಚ್ಚಾರಕ್ಕೂ ಬರಹಕ್ಕೂ ನಮ್ಮ ಭಾಷೆಯಲ್ಲಿ ಹೊಂದಾಣಿಕೆ ಹೆಚ್ಚಿರುವುದರಿಂದ ಇಂಥ ಎಷ್ಟೋ ಮಕ್ಕಳು ಕೊನೆಗೆ ತಪ್ಪಿಲ್ಲದೆ ಓದಿಬಿಡುತ್ತಾರೆ, ಆದರೆ ಎಷ್ಟು ನಿಧಾನವಾಗಿ ಎಂದರೆ ಸಾಲಿನ ಕೊನೆಗೆ ಬರುವುದರೊಳಗೆ ಮೊದಲಿನ ಅರ್ಥ ಆರಿಹೋಗಿರುತ್ತದೆ. ನಿಧಾನವನ್ನು ನಾವು ಆಲಸ್ಯವೆಂದು ಓದಿಕೊಳ್ಳುತ್ತೇವೆ.

ನಾಲ್ಕನೆಯ ಇಯತ್ತೆಯಲ್ಲಿ ಪರಿಸರ ಅಧ್ಯಯನ ಕಲಿಸುವ ಅಕ್ಕೋರು ಒಬ್ಬರಿದ್ದರು. ಬೀಜ ಮೊಳಕೆಯೊಡೆಯಲು ಏನೇನು ಬೇಕು ಎಂಬ ಪ್ರಶ್ನೆಗೆ ನನ್ನ ಮಗ ಉತ್ತರಪತ್ರಿಕೆಯಲ್ಲಿ ಒಂದೂವರೆ ಸಾಲು ಬರೆದಿದ್ದ, ಓದಲಾಗದಂತೆ. ಅವರು ಸೊನ್ನೆ ಹಾಕುವ ಮೊದಲು ಅವನನ್ನು ಕರೆದು ಬಾಯಿಂದ ಹೇಳಿಸಿದರು. ಅವನು, ಅವ್ವ ಮಡಕಿಕಾಳನ್ನು ರಾತ್ರಿ ನೆನೆಹಾಕುವುದು, ಒದ್ದೆ ಅರಿವೆಯಲ್ಲಿ ಕಟ್ಟುವುದು, ಗಟ್ಟಿ ಕಟ್ಟಿ ಗಾಳಿಯಾಡದಿದ್ದರೆ ವಾಸನೆ ಬರುವುದು, ಒಮ್ಮೆ ಫ್ರಿಜ್ಜಿನಲ್ಲಿಟ್ಟಾಗ ಎರಡು ದಿನವಾದರೂ ಮೊಳಕೆ ಬಾರದೆ ಇದ್ದದ್ದು, ಆಮೇಲೆ ಒಲೆಯ ಹತ್ತಿರ ಇಟ್ಟಾಗ ಬಂದದ್ದು, ಎಲ್ಲವನ್ನೂ ಹೇಳಿದನಂತೆ. ನೀರು, ಗಾಳಿ, ಬೆಚ್ಚನೆ. ಪುಸ್ತಕದಲ್ಲಿದ್ದ ಮೂರೂ ಅಂಶ ಅದರಲ್ಲಿದ್ದವು. ಆ ಅಕ್ಕೋರು ಅಂದು ಡೈರಿಯಲ್ಲಿ ಷರಾ ಬರೆಯಲಿಲ್ಲ; ನನಗೆ ಫೋನ್ ಮಾಡಿ, ‘ಇವನಿಗೆ ತಿಳಿತೇತ್ರಿ, ಬರೆಯಾಕ ಆಗವಲ್ದು. ಎಲ್ಲ್ಯರ ತೋರಸ್ರಿ’ ಎಂದರು. ಓದುವ ಸಾಲಿನ ಕೆಳಗೆ ಹಿಡಿದುಕೊಳ್ಳಲು ಒಂದು ರಟ್ಟಿನ ಪಟ್ಟಿ ಕತ್ತರಿಸಿ ಕೊಟ್ಟರು. ಆ ಪಟ್ಟಿ ಇಂದಿಗೂ ಅವನ ಕಂಪಾಸಿನಲ್ಲಿದೆ. ಅವನು ಕಳೆದುಕೊಳ್ಳದ ಒಂದೇ ವಸ್ತು ಅದು.

ತೋರಿಸುವುದೆಂದರೆ ಧಾರವಾಡಕ್ಕೆ ಹೋಗಬೇಕಿತ್ತು. ಮನೆಯಲ್ಲಿ ವಿರೋಧವಿತ್ತು, ಮಾನಸಿಕ ಆಸ್ಪತ್ರೆಯ ಬಾಗಿಲಲ್ಲಿ ನಿಂತದ್ದನ್ನು ಯಾರಾದರೂ ನೋಡಿದರೆ ನಾಳೆ ಹುಡುಗನಿಗೆ ‘ಹುಚ್ಚ’ ಎಂಬ ಹೆಸರು ಅಂಟುತ್ತದೆ ಎಂದು ಹಿರಿಯರು ಹೆದರಿದರು. ನಾನು ಕೆಲಸಕ್ಕೆ ರಜೆ ಹಾಕಿ, ಅವನನ್ನು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕೂರಿಸಿಕೊಂಡು ಹೋದೆ. ಹೊಸೂರು, ವಿದ್ಯಾನಗರ, ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು ಎಂದು ಅವನು ಬರಲಿರುವ ನಿಲ್ದಾಣಗಳನ್ನು ಒಂದೂ ತಪ್ಪದೆ ಹೇಳುತ್ತ ಹೋದ. ಆ ಹೆಸರುಗಳನ್ನೇ ಬರೆದ ಫಲಕಗಳು ಕಿಟಕಿಯಾಚೆ ಹಾದುಹೋಗುತ್ತಿದ್ದವು, ಅವುಗಳನ್ನು ಓದಲು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಒಂದೇ ದಿನದಲ್ಲಿ ಮುಗಿಯುವ ಪರೀಕ್ಷೆ ಅದಲ್ಲ. ನಾಲ್ಕು ಸಲ ಹೋದೆವು. ಬುದ್ಧಿಮತ್ತೆ ವಯಸ್ಸಿಗೆ ತಕ್ಕಂತೆ ಇದೆ, ಓದಿನ ಮಟ್ಟ ಮಾತ್ರ ಎರಡನೆಯ ಇಯತ್ತೆಯ ಮಗುವಿನದು ಎಂದು ಗೊತ್ತಾಯಿತು.

ಲಕ್ಷ್ಯದ ತೊಂದರೆಯ ಬಗ್ಗೆ ವೈದ್ಯರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಒಂದು ದಿನದ ಚಂಚಲತೆಯನ್ನು ನೋಡಿ ಎಡಿಎಚ್‌ಡಿ ಎನ್ನುವುದಿಲ್ಲ. ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು, ಹನ್ನೆರಡು ವರ್ಷದೊಳಗೆ ಶುರುವಾಗಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಗಳಲ್ಲಾದರೂ ಕಾಣಬೇಕು. ಆದ್ದರಿಂದ ಶಾಲೆಯಿಂದ ಏನಾದರೂ ಬರಹರೂಪದ ಮಾಹಿತಿ ಇದೆಯೇ ಎಂದು ಕೇಳಿದರು. ನಾನು ಚೀಲದಿಂದ ಡೈರಿಗಳನ್ನು ತೆಗೆದುಕೊಟ್ಟೆ. ಅವರು ಬಹಳ ಹೊತ್ತು ಪುಟ ತಿರುವಿದರು. ‘ಇಷ್ಟ ವರ್ಷದಿಂದ ಬರದಾರ. ಇದನ್ನ ನೋಡಿ ಯಾರೂ ನಿಮಗ ಕಳಿಸ್ಲಿಲ್ಲೇನು?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಮಾನ್ಯರೇ, ಈ ಪತ್ರದ ಮುಖ್ಯ ದೂರು ಆ ಪ್ರಶ್ನೆಯಲ್ಲಿದೆ. ಶಾಲೆ ನನ್ನ ಮಗನನ್ನು ಗಮನಿಸಲಿಲ್ಲ ಎಂದು ನಾನು ಹೇಳಲಾರೆ. ನಾಲ್ಕು ವರ್ಷ, ತಾರೀಖು ಸಮೇತ, ಅವನ ತೊಂದರೆಯ ಪ್ರತಿಯೊಂದು ಲಕ್ಷಣವನ್ನೂ ಗಮನಿಸಿ ಬರೆದಿಟ್ಟಿತು. ಆದರೆ ಬರೆದದ್ದೆಲ್ಲ ಆರೋಪವಾಗಿ ಮನೆಗೆ ಬಂತು. ‘ಲಕ್ಷ್ಯ ಇಲ್ಲ’ ಎಂಬುದು ಅವನಿಗಿದ್ದ ತೊಂದರೆಯ ಹೆಸರೇ ಆಗಿತ್ತು. ಅದನ್ನು ಅವನ ತಪ್ಪಿನ ಹೆಸರಾಗಿ ಬಳಸಲಾಯಿತು. ಕೆಮ್ಮುವ ಮಗುವಿನ ಡೈರಿಯಲ್ಲಿ ಅರವತ್ತಮೂರು ಸಲ ‘ಕೆಮ್ಮುತ್ತಾನೆ, ಸುಧಾರಿಸಿಕೊಳ್ಳಬೇಕು’ ಎಂದು ಯಾವ ಶಿಕ್ಷಕರೂ ಬರೆಯುವುದಿಲ್ಲ. ಎರಡನೆಯ ವಾರಕ್ಕೇ ದವಾಖಾನೆಗೆ ಕರೆದುಕೊಂಡು ಹೋಗಲು ಹೇಳುತ್ತಾರೆ.

ಇದು ಹೊಸದಾಗಿ ಕಂಡುಹಿಡಿದ ಕಾಯಿಲೆಯೂ ಅಲ್ಲ, ಪಟ್ಟಣದ ಶ್ರೀಮಂತರ ಶೋಕಿಯೂ ಅಲ್ಲ. ಜಾಣನಾಗಿದ್ದೂ ಓದಲಾರದ ಹದಿನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ಇಂಗ್ಲೆಂಡಿನ ವೈದ್ಯರೊಬ್ಬರು ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು 1896ರಲ್ಲಿ. ನಮ್ಮ ದೇಶದ ಕಾನೂನಿಗೂ ಇದು ಗೊತ್ತಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದು ಪಟ್ಟಿ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಅದರ 16ನೆಯ ಕಲಮು, ಇಂಥ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಮಾಡಿ ಸೂಕ್ತ ಬೋಧನಾ ಕ್ರಮ ಕೈಗೊಳ್ಳುವ ಹೊಣೆಯನ್ನು ಶಿಕ್ಷಣ ಸಂಸ್ಥೆಗಳ ಮೇಲೆಯೇ ಹೊರಿಸಿದೆ. 17ನೆಯ ಕಲಮು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವುಗಳನ್ನು ಹೆಸರಿಸಿದೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾರ್ಗಸೂಚಿ, ಸರ್ಕಾರಿ ಮತ್ತು ಖಾಸಗಿ ಶಾಲೆಗಳ ಶಿಕ್ಷಕರು ಮೂರನೆಯ ತರಗತಿಯಲ್ಲಿ ಅಥವಾ ಎಂಟನೆಯ ವಯಸ್ಸಿನಲ್ಲಿ, ಯಾವುದು ಮೊದಲೋ ಆಗ, ಪ್ರಾಥಮಿಕ ತಪಾಸಣೆ ಮಾಡಬೇಕೆಂದು ಹೇಳಿತ್ತು. ನನ್ನ ಮಗನ ಮೂರನೆಯ ಇಯತ್ತೆಯ ಡೈರಿ ನನ್ನ ಮುಂದಿದೆ. ಅದರಲ್ಲಿ 21 ಸಲ ‘ಲಕ್ಷ್ಯ ಇಲ್ಲ’ ಎಂದಿದೆ, ಒಂದು ಸಲವೂ ತಪಾಸಣೆ ಎಂಬ ಶಬ್ದವಿಲ್ಲ. ಈ ಕಾನೂನಿನ ಹೆಸರನ್ನು ನನಗೆ ಮೊದಲು ಹೇಳಿದ್ದು ಆಸ್ಪತ್ರೆಯ ಆಪ್ತಸಮಾಲೋಚಕಿ, ಒಂದು ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟು.

ಗುರುತಿಸದಿದ್ದಾಗ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಅಭ್ಯಾಸ ಮುಗಿಸದ ಕಾರಣಕ್ಕೆ ಅವನಿಗೆ ಆಟದ ಅವಧಿ ತಪ್ಪುತ್ತಿತ್ತು. ಕುಳಿತಲ್ಲಿ ಕೂರಲಾರದ ಮಗುವಿನಿಂದ ಓಡುವ ಒಂದು ತಾಸನ್ನೂ ಕಿತ್ತುಕೊಂಡರೆ ಉಳಿದ ಐದು ತಾಸು ಅವನು ಹೇಗೆ ಕೂಡಬೇಕು? ಒಂದು ವಾರ ಅವನನ್ನು ಎರಡು ತರಗತಿ ಕೆಳಗಿನ ಮಕ್ಕಳ ಜೊತೆ ಕೂರಿಸಲಾಯಿತು, ‘ಇವರ ಜೋಡಿ ಕುಂತು ಕಲಿ’ ಎಂದು. ಆ ವಾರ ಅವನು ಮನೆಯಲ್ಲಿ ಊಟ ಬಿಟ್ಟ. ಐದನೆಯ ಇಯತ್ತೆಯ ಕೊನೆಯಲ್ಲಿ, ವೈದ್ಯರ ವರದಿ ಕೊಟ್ಟ ಮೇಲೆ, ಶಾಲೆಯ ಫಲಿತಾಂಶದ ದೃಷ್ಟಿಯಿಂದ ಟಿ.ಸಿ. ಒಯ್ದರೆ ಇಬ್ಬರಿಗೂ ಒಳ್ಳೆಯದು ಎಂಬ ಸಲಹೆ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಎಂಟನೆಯ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಬಾರದೆಂದು ಹೇಳಿದೆ ಎಂಬುದನ್ನು ನಾನು ಆಗ ಓದಿಕೊಂಡಿದ್ದೆ. ಆದ್ದರಿಂದ ಮಗ ಅಲ್ಲಿಯೇ ಇದ್ದಾನೆ. ಓದಿಕೊಂಡಿರದ ತಾಯಿ ಏನು ಮಾಡುತ್ತಿದ್ದಳು ಎಂದು ಯೋಚಿಸಿದಾಗ ನನಗೆ ನನ್ನ ತವರಿನ ನೆನಪಾಗುತ್ತದೆ.

ನನ್ನ ತವರು ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿ. ನನ್ನ ಅಣ್ಣನ ಮಗ ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಓದಿದ. ಮೂರನೆಯ ತರಗತಿಯವರೆಗೆ ನಲಿ-ಕಲಿ ಪದ್ಧತಿಯಲ್ಲಿ ಕಾರ್ಡು, ಹಾಡು, ಚಿತ್ರ, ಗುಂಪು ಎಂದು ಸಂತೋಷವಾಗಿಯೇ ಇದ್ದ. ನಾಲ್ಕಕ್ಕೆ ಬಂದಾಗ ಇಡೀ ಪುಟ ಓದುವುದು, ಹಲಗೆಯಿಂದ ಇಳಿಸಿಕೊಳ್ಳುವುದು, ಪ್ರಶ್ನೋತ್ತರ ಬರೆಯುವುದು ಒಮ್ಮೆಲೇ ಎದುರಾಗಿ, ಅವನು ಹಿಂದಿನ ಸಾಲಿಗೆ ಸರಿದ. ‘ಉಡಾಳ’ ಎಂಬ ಹೆಸರು ಬಂತು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟು, ಈಗ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿದ್ದಾನೆ. ಎಂಜಿನ್ನಿನ ಸದ್ದು ಕೇಳಿ ದೋಷ ಹೇಳುತ್ತಾನೆ ಎಂದು ಮಾಲೀಕರು ಹೊಗಳುತ್ತಾರೆ. ಕೆಲಸದ ಬಗ್ಗೆ ನನಗೆ ಗೌರವವಿದೆ, ಆದರೆ ಅದನ್ನು ಅವನು ಆರಿಸಿಕೊಳ್ಳಲಿಲ್ಲ. ಅವನಿಗೆ ಏನಿತ್ತೆಂದು ಯಾರೂ ನೋಡಲಿಲ್ಲ. ಹಾಗಾಗಿ ನನ್ನ ಮಗನಿಗಿರುವುದೇ ಅವನಿಗೂ ಇತ್ತೆಂದು ನಾನು ಹೇಳುವಂತಿಲ್ಲ. ಈ ತೊಂದರೆಗಳು ಮನೆತನದಲ್ಲಿ ಹರಿದುಬರುವುದುಂಟು ಎಂದು ವೈದ್ಯರು ಹೇಳಿದ ದಿನದಿಂದ ಅವನ ಮುಖ ನನ್ನ ಕಣ್ಣಮುಂದೆ ಬರುತ್ತದೆ.

ಶಿಕ್ಷಕರ ಕಷ್ಟ ನನಗೆ ತಿಳಿಯದ ಸಂಗತಿಯಲ್ಲ. ನನ್ನ ತಂದೆ ಶಿಕ್ಷಕರಾಗಿದ್ದರು. ಒಂದು ತರಗತಿಯಲ್ಲಿ ನಲವತ್ತು ಮಕ್ಕಳು, ಮೇಲೆ ಗಣತಿ, ಚುನಾವಣೆ ಕೆಲಸ, ಹಾಲು ಮೊಟ್ಟೆಯ ಲೆಕ್ಕ, ಆ್ಯಪಿನಲ್ಲಿ ತುಂಬುವ ಮಾಹಿತಿ. ವಿಶೇಷ ಶಿಕ್ಷಕರಿಲ್ಲದ ಶಾಲೆಯಲ್ಲಿ ಇವೆಲ್ಲವನ್ನೂ ಒಬ್ಬರೇ ಹೊರಬೇಕೆನ್ನುವುದು ನ್ಯಾಯವಲ್ಲ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ, ವಿಶೇಷ ಅಗತ್ಯವುಳ್ಳ ಪ್ರಾಥಮಿಕ ಹಂತದ 10 ಮಕ್ಕಳಿಗೆ ಒಬ್ಬರಂತೆ, ಹಿರಿಯ ಪ್ರಾಥಮಿಕ ಮತ್ತು ಪ್ರೌಢ ಹಂತದಲ್ಲಿ 15 ಮಕ್ಕಳಿಗೆ ಒಬ್ಬರಂತೆ ವಿಶೇಷ ಶಿಕ್ಷಕರು ಇರಬೇಕೆಂದು ಹೇಳಿತು. ಆದರೆ ಗುರುತಿಸದ ಮಗು ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ. ಮೊದಲು ಮಕ್ಕಳ ಎಣಿಕೆ ಸರಿಯಾದರೆ ತಾನೇ ಶಿಕ್ಷಕರ ಎಣಿಕೆ ಕೇಳಲು ಬರುವುದು?

ಆದ್ದರಿಂದ ನನ್ನ ಮೊದಲ ವಿನಂತಿ ತಪಾಸಣೆಯ ಕುರಿತೇ ಆಗಿದೆ. ಜಿಲ್ಲೆಯ ಪ್ರತಿಯೊಂದು ಶಾಲೆಯಲ್ಲಿ, ಸರ್ಕಾರಿ ಇರಲಿ ಖಾಸಗಿ ಇರಲಿ, ಎರಡನೆಯ ಇಯತ್ತೆಯ ಕೊನೆಯಿಂದ ಮೂರನೆಯ ಇಯತ್ತೆಯ ನಡುವಿನೊಳಗೆ ಎಲ್ಲ ಮಕ್ಕಳನ್ನೂ ಒಮ್ಮೆ ನೋಡುವ ವ್ಯವಸ್ಥೆ ಆಗಬೇಕು. ಸಾಧನವನ್ನು ಹೊಸದಾಗಿ ಹುಡುಕಬೇಕಿಲ್ಲ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಭಾರತೀಯ ಭಾಷೆಗಳಿಗಾಗಿ ರೂಪಿಸಿದ ‘ಡಾಲಿ’ ಎಂಬ ಪರೀಕ್ಷಾ ಸಾಧನ ಕನ್ನಡದಲ್ಲಿಯೂ ಇದೆ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗಾಗಿ ಶಿಕ್ಷಕರೇ ತುಂಬಬಹುದಾದ ತಪಾಸಣಾ ಪಟ್ಟಿಗಳು ಅದರಲ್ಲಿವೆ. ಎನ್‌ಸಿಇಆರ್‌ಟಿ 2022ರಲ್ಲಿ ತಂದ ‘ಪ್ರಶಸ್ತ್’ ಎಂಬ ತಪಾಸಣಾ ಪಟ್ಟಿಯೂ ಇದೆ. ಎಲ್ಲ ಮಕ್ಕಳನ್ನೂ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಮಗ ಗದ್ದಲ ಮಾಡುತ್ತಿದ್ದ, ಹಾಗಾಗಿ ಅವನ ಬಗ್ಗೆ ಷರಾಗಳಾದರೂ ಉಳಿದವು. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿಯೊಬ್ಬಳಿಗೂ ಇದೇ ಲಕ್ಷ್ಯದ ತೊಂದರೆ ಇರಬಹುದು. ಅವಳಿಂದ ಯಾರಿಗೂ ಕಿರಿಕಿರಿಯಿಲ್ಲದ್ದರಿಂದ ಅವಳ ಡೈರಿ ಖಾಲಿಯಾಗಿಯೇ ಇರುತ್ತದೆ. ದೂರಿನ ಆಧಾರದ ಮೇಲೆ ಮಾತ್ರ ಕಳಿಸಿದರೆ ಅಂಥ ಹುಡುಗಿಯರು ತಪ್ಪಿಹೋಗುತ್ತಾರೆ.

ಎರಡನೆಯದು, ತಪಾಸಣೆಯ ನಂತರದ ದಾರಿ. ನಾನು ಹುಬ್ಬಳ್ಳಿಯವಳು, ಚಿಗರಿ ಬಸ್ಸು ಹತ್ತಿ ಮುಕ್ಕಾಲು ತಾಸಿನಲ್ಲಿ ಧಾರವಾಡ ಮುಟ್ಟಿದೆ. ಆದರೂ ನಾಲ್ಕು ದಿನದ ಸಂಬಳ ಹೋಯಿತು. ಕಲಘಟಗಿಯಿಂದ, ನವಲಗುಂದದಿಂದ, ಅಣ್ಣಿಗೇರಿಯ ಆಚೆಯ ಹಳ್ಳಿಯಿಂದ ಕೂಲಿ ಬಿಟ್ಟು ಬರುವ ತಾಯಿ ಎರಡನೆಯ ಸಲ ಬರುವುದಿಲ್ಲ. ಈ ಜಿಲ್ಲೆಯಲ್ಲಿಯೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಜನ ಕಿಮ್ಸ್ ಎಂದು ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಇದೆ. ಇಂಥ ಅನುಕೂಲ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಇಲ್ಲ. ಆರೋಗ್ಯ ಇಲಾಖೆಯ ಜೊತೆ ಮಾತನಾಡಿ, ವರ್ಷಕ್ಕೆ ಎರಡು ಸಲವಾದರೂ ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಮೌಲ್ಯಮಾಪನ ಶಿಬಿರ ನಡೆಸಬೇಕೆಂದು ಕೋರುತ್ತೇನೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಎಂದರೇನು, ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಎಂಟನೆಯ ವಯಸ್ಸಿನ ನಂತರ ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಮತ್ತೆ ಪಡೆಯಬೇಕಾದದ್ದು ಏಕೆ ಎಂಬುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಅಚ್ಚು ಹಾಕಿಸಿ ಪಾಲಕರ ಸಭೆಯಲ್ಲಿ ಕೊಟ್ಟರೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ ವಿನಾಯಿತಿಗಾಗಿ ಓಡಾಡುವ ಗೋಳು ತಪ್ಪುತ್ತದೆ.

ಇನ್ನು, ಪ್ರಮಾಣಪತ್ರ ಸಿಗದ ಮಕ್ಕಳ ಮಾತು. ಕಾನೂನಿನ 21 ಹೆಸರುಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಎಂಬ ಹೆಸರು ಪ್ರತ್ಯೇಕವಾಗಿ ಇಲ್ಲ. ನನ್ನ ಮಗನಿಗೆ ಕಲಿಕಾ ನ್ಯೂನತೆಯೂ ಇರುವುದರಿಂದ ಒಂದು ಬಾಗಿಲು ತೆರೆಯಿತು. ಲಕ್ಷ್ಯದ ತೊಂದರೆ ಮಾತ್ರ ಇರುವ ಮಗುವಿನ ಕೈಯಲ್ಲಿ ಯಾವ ಕಾಗದವೂ ಇರುವುದಿಲ್ಲ. ಆದರೆ ಮುಂದಿನ ಬೆಂಚಿನಲ್ಲಿ ಕೂರಿಸಲು ಕಾಗದ ಬೇಕಿಲ್ಲ. ಹತ್ತು ಲೆಕ್ಕವನ್ನು ಐದೈದಾಗಿ ಕೊಡಲು, ನಡುವೆ ಒಮ್ಮೆ ಎದ್ದು ಹಲಗೆ ಒರೆಸಲು ಕಳಿಸಲು, ಹಲಗೆಯ ಮೇಲಿನದನ್ನು ಇಳಿಸಿಕೊಳ್ಳದ ಮಗುವಿಗೆ ಗೆಳೆಯನ ವಹಿಯ ಫೋಟೋ ಕಳಿಸಲು ಅನುಮತಿಸಲು, ವರ್ಷದ ನಡುನಡುವೆ ನಡೆಸುವ ರೂಪಣಾತ್ಮಕ ಪರೀಕ್ಷೆಯಲ್ಲಿ ಹತ್ತು ನಿಮಿಷ ಹೆಚ್ಚು ಕೊಡಲು ಅಥವಾ ಬಾಯಿಂದ ಉತ್ತರ ಕೇಳಲು ಯಾವ ಮಂಡಳಿಯ ಆದೇಶವೂ ಬೇಕಾಗದು. ಇವನ್ನು ಮಾಡುವ ಶಿಕ್ಷಕರಿಗೆ ‘ಒಬ್ಬನಿಗೆ ಯಾಕೆ ಪಕ್ಷಪಾತ’ ಎಂಬ ಪ್ರಶ್ನೆ ಬರದಂತೆ, ತಾವು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಆಟದ ಮತ್ತು ಚಿತ್ರಕಲೆಯ ಅವಧಿಯನ್ನು ಶಿಕ್ಷೆಯಾಗಿ ಕಸಿಯಬಾರದೆಂಬ ಒಂದು ವಾಕ್ಯ ಅದರಲ್ಲಿ ಇರಲಿ. ಕೆಳಗಿನ ತರಗತಿಯಲ್ಲಿ ಕೂರಿಸಬಾರದೆಂಬುದೂ ಇರಲಿ.

ಕೊನೆಯ ವಿನಂತಿ ಸಣ್ಣದು, ಹಣ ಖರ್ಚಾಗದಂಥದ್ದು. ಶಾಲಾ ಡೈರಿಯ ಷರಾ ಪುಟದಲ್ಲಿ ಇನ್ನೊಂದು ಅಂಕಣ ಸೇರಿಸಲು ಶಾಲೆಗಳಿಗೆ ಸೂಚಿಸಿರಿ. ಒಂದೇ ಷರಾ ಒಂದು ತಿಂಗಳಲ್ಲಿ ಮೂರು ಸಲ ಬಂದರೆ, ಶಿಕ್ಷಕರು ಆ ಅಂಕಣದಲ್ಲಿ ತಾವು ಏನು ಮಾಡಿ ನೋಡಿದೆವು, ಮಗುವನ್ನು ಯಾರ ಬಳಿ ಕಳಿಸಲು ಹೇಳಿದೆವು ಎಂದು ಬರೆಯಲಿ. ಡೈರಿಯಿಲ್ಲದ ಸರ್ಕಾರಿ ಶಾಲೆಗಳಲ್ಲಿ ಅದು ಮಗುವಿನ ಪ್ರಗತಿಪತ್ರದಲ್ಲಿ ಬರಲಿ. ಪಾಲಕರ ಸಹಿಗೆ ಜಾಗವಿರುವಂತೆ ಶಾಲೆಯ ಕ್ರಮಕ್ಕೂ ಒಂದು ಜಾಗವಿರಲಿ ಎಂಬುದಷ್ಟೇ ನನ್ನ ಕೋರಿಕೆ.

ನನ್ನ ಮಗ ಈಗ ವಾರಕ್ಕೆ ಎರಡು ದಿನ ವಿಶೇಷ ಶಿಕ್ಷಕಿಯೊಬ್ಬರ ಬಳಿ ಹೋಗುತ್ತಾನೆ. ಒತ್ತಕ್ಷರಗಳನ್ನು ಮರಳಿನ ಮೇಲೆ ಬೆರಳಿನಿಂದ ಬರೆದು, ಅದೇ ಹೊತ್ತಿಗೆ ಬಾಯಿಂದ ಉಚ್ಚರಿಸಿ ಕಲಿಯುತ್ತಿದ್ದಾನೆ. ಲಕ್ಷ್ಯಕ್ಕಾಗಿ ವೈದ್ಯರ ಔಷಧವೂ ನಡೆದಿದೆ; ಔಷಧ ಕೂರಲು ನೆರವಾಗುತ್ತದೆ, ಓದು ಕಲಿಸುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು, ಅದು ನಿಜ. ಕಳೆದ ವಾರ ಧಾರವಾಡಕ್ಕೆ ಹೋಗುವಾಗ ಬಸ್ಸು ಉಣಕಲ್ ನಿಲ್ದಾಣದಲ್ಲಿ ನಿಂತಿತ್ತು. ಅವನು ಫಲಕವನ್ನು ನೋಡಿ, ಬೆರಳಿನಿಂದ ಕಿಟಕಿಯ ಗಾಜಿನ ಮೇಲೆ ಒಂದೊಂದೇ ಅಕ್ಷರ ತಿದ್ದಿ, ಬಸ್ಸು ಹೊರಡುವುದರೊಳಗೆ ಓದಿ ಮುಗಿಸಿದ.

ನಾಲ್ಕೂ ಡೈರಿಗಳ ಷರಾ ಪುಟಗಳ ನಕಲುಗಳನ್ನು ಈ ಪತ್ರದ ಒಂದು ಪ್ರತಿಯೊಂದಿಗೆ ತಮ್ಮ ಕಚೇರಿಗೆ ಟಪಾಲಿನಲ್ಲಿ ಕಳಿಸುತ್ತಿದ್ದೇನೆ. ಮಗನ ಹೆಸರು, ಶಾಲೆಯ ಹೆಸರು ಮತ್ತು ಶಿಕ್ಷಕರ ಸಹಿಗಳನ್ನು ಕಪ್ಪು ಶಾಯಿಯಿಂದ ಮುಚ್ಚಿದ್ದೇನೆ. ನನ್ನ ಸಹಿಗಳನ್ನು ಮುಚ್ಚಿಲ್ಲ. ಮೂರನೆಯ ಇಯತ್ತೆಯ ತಪಾಸಣೆಯ ಬಗ್ಗೆ ಜಿಲ್ಲಾ ಮಟ್ಟದಲ್ಲಿ ಸಭೆ ಕರೆಯುವುದಾದರೆ, ಇಂಥ ಮಕ್ಕಳ ಇಬ್ಬರು ಮೂವರು ಪಾಲಕರಿಗೂ ಅದರಲ್ಲಿ ಕೂರಲು ಅವಕಾಶ ಕೊಡಬೇಕೆಂದು ವಿನಂತಿಸುತ್ತೇನೆ. ಕೆಲಸದ ದಿನವಾದರೂ ನಾನು ಬರುತ್ತೇನೆ.

ತಮ್ಮ ವಿಶ್ವಾಸಿ,
ಆರನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನ ತಾಯಿ,
ಹುಬ್ಬಳ್ಳಿ